ಹುಲಿ ಕಾಣದವರ ಹಳ್ಳಿಯಾತ್ರೆ

ನಾಗಪುರದಿಂದ ಸುಮಾರು 50 ಕಿಲೋಮೀಟರು ದೂರದ ಉಮರೇಡ್, ನೆಲದಡಿ ಕಲ್ಲಿದ್ದಲನ್ನೂ ನೆಲದ ಮೇಲೆ ಹುಲಿಯನ್ನೂ ಸಾಕಿಕೊಂಡಿರುವ ಪಟ್ಟಣವಾಗಿದ್ದು, ಅದರ ಆಸುಪಾಸಿನ ಕರ್ಹಾಂಡ್ಲಾ ಎಂಬ ಪುಟ್ಟ ಹಳ್ಳಿಗೆ ಹೋಗುವ ಕನ್ನಡ ಪ್ರವಾಸಿಯು ಹಳ್ಳಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಲು ಹೊರಟಿರುತ್ತಾನೆ. ಸಫಾರಿ, ಎಂದರೆ ತೆರೆದ ಜಿಪ್ಸಿಯಲ್ಲಿ ಧೂಳು ಸೇವಿಸುತ್ತ ಕಾಡು ಸುತ್ತುವ ವಿಧಿಯು, ಬೆಳಕು ಹರಿಯುವಾಗಲೇ ಆರಂಭವಾಗುವುದರಿಂದ, ಮನೆಯಲ್ಲಿ ಕಾಫಿಯ ವಾಸನೆಯಿಲ್ಲದೆ ಕಣ್ಣು ತೆರೆಯದ ಈ ಜೀವಿ ಮಂಕಿಟೋಪಿ ಏರಿಸಿಕೊಂಡು, ಪ್ರತಿ ಹುತ್ತವನ್ನೂ ಹುಲಿಯೆಂದು ಘೋಷಿಸಿ, ಮಾರ್ಗದರ್ಶಿಯ ಸಹನೆಯನ್ನು ಪರೀಕ್ಷಿಸುತ್ತಾನೆ.

ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯ ನಾಯಕನ ಹೆಸರು ಹೊತ್ತಿದ್ದ ‘ಜೈ’ ಎಂಬ ಇಲ್ಲಿನ ಪ್ರಖ್ಯಾತ ಹುಲಿ, ರೇಡಿಯೋ ಕಾಲರ್, ಅಂದರೆ ಪ್ರಾಣಿಯ ಸಂಚಾರವನ್ನು ತಿಳಿಸುವ ಕೊರಳಪಟ್ಟಿ, ಧರಿಸಿಯೂ 2016ರಲ್ಲಿ ಕಣ್ಮರೆಯಾಯಿತೆಂದ ಮೇಲೆ, ದುರ್ಬೀನನ್ನು ತಿರುಗುಮುರುಗಾಗಿ ಹಿಡಿದವನಿಗೆ ಅದರ ಬಂಧುಗಳು ದರ್ಶನ ಕೊಡಬೇಕೆಂಬುದು ತುಸು ಅತಿಯಾಸೆಯೇ ಸರಿ. ಅಂಥವನು ಸಂಜೆ ಝುಣಕಾ ಭಾಕರಿಗೆ, ಎಂದರೆ ಕಡಲೆಹಿಟ್ಟಿನ ಪಲ್ಯ ಮತ್ತು ಜೋಳದ ರೊಟ್ಟಿಗೆ, ಶರಣಾಗುತ್ತಾನೆ. ಹುಲಿ ತಪ್ಪಿದರೂ ಓದುಗರು ಊಟ ತಪ್ಪಿಸಿಕೊಳ್ಳದಿರುವುದು ಕ್ಷೇಮ.