ಚೀಟಿ ರಾಯರು

ಯಾತ್ರೆಗೆ ಹೊರಡುವವರಲ್ಲಿ ಗಂಗಾಜಲದ ತಂಬಿಗೆಯನ್ನು ಮರೆತರೂ ವೈದ್ಯರ ಚೀಟಿಯನ್ನು ಮರೆಯದ ಒಂದು ವರ್ಗವುಂಟು. ಶಿರಸ್ತೇದಾರಿಕೆಯಿಂದ ನಿವೃತ್ತರಾದ ನಮ್ಮ ಮೈಸೂರಿನ ರಾಯರು ಆ ವರ್ಗಕ್ಕೆ ಶಿರೋಮಣಿ. ಚೀಟಿಗೆ ಲ್ಯಾಮಿನೇಷನ್ ಮಾಡಿಸಿ, ಅದನ್ನು ಪಂಚಾಂಗದೊಳಗಿಟ್ಟು, ಪಂಚಾಂಗವನ್ನು ಮಡಿಪಂಚೆಯೊಳಗೆ ಸುತ್ತಿಕೊಂಡು ಕಾಶಿಗೆ ಬಂದಿದ್ದ ಅವರು, ಮಾತ್ರೆಗಳನ್ನು ಮಾತ್ರ ಮನೆಯ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದರು.

ಗೋದೌಲಿಯಾ ಚೌಕದ ಔಷಧದಂಗಡಿಯೊಂದರ ಮುಂದೆ, ಸೈಕಲ್ ರಿಕ್ಷಾಗಳ ಗಂಟೆಯೂ ಗೂಳಿಗಳ ನಿಶ್ಶಬ್ದ ಪ್ರಭುತ್ವವೂ ಪರಸ್ಪರ ಸ್ಪರ್ಧಿಸುತ್ತಿರಲು, ರಾಯರು ಬಾಲ್ಯದಲ್ಲಿ ಪಾಸು ಮಾಡಿದ್ದ ಹಿಂದಿ ಮಧ್ಯಮಾ ಪರೀಕ್ಷೆಯ ಬಲದಿಂದ, ತಮ್ಮ ರಕ್ತದೊತ್ತಡದ ಪೂರ್ವೇತಿಹಾಸವನ್ನು, ಅದು ಮೊದಲು ಕಾಣಿಸಿಕೊಂಡ ಇಲಾಖಾ ತಪಾಸಣೆಯ ದಿನದಿಂದ ತೊಡಗಿ, ಸಾದ್ಯಂತವಾಗಿ ನಿರೂಪಿಸಿದರು. ಅಂಗಡಿಯಾತನು ಚೀಟಿಯತ್ತ ಕಣ್ಣು ಹಾಯಿಸದೆ, ಅವರ ಜೇಬಿನಲ್ಲಿದ್ದ ಖಾಲಿ ಸ್ಟ್ರಿಪ್ಪನ್ನು ಇಸಿದುಕೊಂಡು ನೋಡಿ, "ಏಕ್ ಪತ್ತಾ?" ಎಂದಷ್ಟೇ ಕೇಳಿದನು.

ಮಾತ್ರೆ ದೊರೆಯಿತೆಂಬ ಸಂತೋಷಕ್ಕಿಂತ ಚೀಟಿಗೆ ಅಪಮಾನವಾಯಿತೆಂಬ ವ್ಯಥೆಯೇ ರಾಯರಿಗೆ ಅಧಿಕವಾಯಿತು. 1945ರ ಔಷಧ ನಿಯಮಾವಳಿಯ ‘ಎಚ್’ ಅನುಸೂಚಿಗೆ ಸೇರಿದ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಾದಕ್ಕೇ ನಿಂತರು. (ವೈದ್ಯರು ಬೇರೆ ರೀತಿ ಬರೆದಿಲ್ಲದಿದ್ದಲ್ಲಿ ಒಂದು ಚೀಟಿಗೆ ಒಂದೇ ಸಲ ಔಷಧ ಕೊಡತಕ್ಕದ್ದೆಂದು ಅದೇ ನಿಯಮಾವಳಿಯಲ್ಲಿ ಉಂಟೆಂಬುದನ್ನು ನಾನು ಅವರ ಕಿವಿಯಲ್ಲಿ ಉಸುರಲಿಲ್ಲ, ಎರಡು ವರ್ಷ ಪ್ರಾಯದ ಆ ಚೀಟಿಯ ಗತಿ ಏನಾಗಬೇಕು!) ಕಡೆಗೆ ಅಂಗಡಿಯಾತನು ಚೀಟಿಯನ್ನು ಎರಡೂ ಕೈಗಳಲ್ಲಿ ಹಿಡಿದು, ಬಹುಶಃ ತಲೆಕೆಳಗಾಗಿಯೇ, ಪರಾಂಬರಿಸಿ ತಲೆದೂಗಿದ ಮೇಲೆ ಅವರು ಶಾಂತರಾದರು.

ಆದರೆ ಆತ ಎತ್ತಿಕೊಟ್ಟದ್ದು ಬೇರೊಂದು ಕಂಪನಿಯದು. ಆಮ್ಲೋಡಿಪಿನ್ ಅದೇ, 5 ಮಿಲಿಗ್ರಾಂ ಅದೇ. ಹೆಸರೂ ಹೊದಿಕೆಯ ಬಣ್ಣವೂ ಬೇರೆ. ತಂಗಿಯನ್ನು ತೋರಿಸಿ ಅಕ್ಕನನ್ನು ಧಾರೆಯೆರೆಯಲು ಬಂದ ಬೀಗರನ್ನು ನೋಡುವಂತೆ ರಾಯರು ಅವನನ್ನು ದುರುಗುಟ್ಟಿ ನೋಡಿ, "ನಮಗೆ ಮೈಸೂರಿನ ಮಾತ್ರೆಯೇ ಆಗಬೇಕು" ಎಂದು ಕನ್ನಡದಲ್ಲಿಯೇ ಘೋಷಿಸಿ ಹೊರಟರು.

ವಿಶ್ವನಾಥನ ದರ್ಶನವನ್ನು ಸಂಜೆಗೆ ಮುಂದೂಡಿ, ಅಂಗಡಿಯಿಂದ ಅಂಗಡಿಗೆ ಅಲೆದು, ಅದೇ ಹೆಸರಿನ, ಅದೇ ಬಣ್ಣದ ಸ್ಟ್ರಿಪ್ಪು ದೊರೆತಾಗ ಅವರು ಅದನ್ನು ಕಣ್ಣಿಗೊತ್ತಿಕೊಂಡರು. ನಾನು ಕುತೂಹಲದಿಂದ ಹಿಂಬದಿಯ ಸೂಕ್ಷ್ಮಾಕ್ಷರಗಳನ್ನು ಓದಿದೆ: ಹೊಸದೂ, ಮೈಸೂರಿನಿಂದ ಬಂದಿದ್ದ ಆ ಖಾಲಿಯದೂ, ಎರಡೂ ಹಿಮಾಚಲ ಪ್ರದೇಶದ ಬದ್ದಿಯಲ್ಲಿ ತಯಾರಾದವು. ತಿಳಿಸಿದೆ.

ರಾಯರು ಕಿಂಚಿತ್ತೂ ವಿಚಲಿತರಾಗಲಿಲ್ಲ. "ಹುಟ್ಟಿದ್ದು ಎಲ್ಲಿಯಾದರೇನು ಸ್ವಾಮಿ? ಅದು ನಮ್ಮ ಅಗ್ರಹಾರದ ಅಂಗಡಿಯ ಬೀರುವಿನಲ್ಲಿ ನಾಲ್ಕು ತಿಂಗಳು ಕೂತು ಮೈಸೂರಿನ ಹವೆಗೆ ಪಳಗಿತ್ತು. ಇದು ಕಾಶಿಯ ಬಿಸಿಲು ಕುಡಿದದ್ದು, ಇವತ್ತಿಗೆ ಅರ್ಧ ಸಾಕು" ಎಂದು ಮಾತ್ರೆಯನ್ನು ಮುರಿದರು. ಅವರ ಧರ್ಮಪತ್ನಿಯವರು, "ಇನ್ನರ್ಧ ಯಾರಿಗೆ, ವಿಶ್ವನಾಥನಿಗೋ?" ಎನ್ನುತ್ತ ಲೋಟವನ್ನು ಮುಂದೆ ಹಿಡಿದು, ಅದನ್ನೂ ನುಂಗಿಸಿಯೇ ಬಿಟ್ಟರು.