ಕ್ಷಮಾಪಣೆ ಮೊದಲು, ಶೂಟಿಂಗ್ ಆಮೇಲೆ

(ಜಾಹೀರಾತು ಏಜೆನ್ಸಿಯ ಮೀಟಿಂಗ್ ರೂಮು. ತಟ್ಟೆಯಲ್ಲಿ ಬಾದಾಮಿ. ಎಲ್ಲರಿಗೂ ಡಯಟ್, ಯಾರೂ ಮುಟ್ಟುತ್ತಿಲ್ಲ.)

ಹೊಸ ಹುಡುಗಿ: ಸರ್, ಇನ್ನೂ ಶೂಟಿಂಗೇ ಆಗಿಲ್ಲ. ಆಗಲೇ ಕ್ಷಮಾಪಣೆ ಬರೀಬೇಕಾ?

ಬಾಸ್: ಮತ್ತೆ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡ್ತೀಯಾ?

ಹುಡುಗಿ: ಕ್ಷಮೆ ಯಾರನ್ನ ಕೇಳೋದು?

ಬಾಸ್: 2017ರ ಪೆಪ್ಸಿ ಜಾಹೀರಾತು ನೋಡಮ್ಮ. ಪ್ರತಿಭಟನೆ ನಡುವೆ ಮಾಡೆಲ್ ಕೆಂಡಲ್ ಜೆನ್ನರ್ ಬಂದು ಪೊಲೀಸಿನವನ ಕೈಗೆ ಒಂದು ಕ್ಯಾನ್ ಕೊಡ್ತಾಳೆ, ಎಲ್ಲರೂ ಕುಣೀತಾರೆ. ಕಪ್ಪು ಜನರ ಹೋರಾಟಾನ ಸೋಡಾ ಮಾಡಿಬಿಟ್ರಿ ಅಂತ ಅಮೆರಿಕದ ಜನ ರೇಗಿದ್ರು. ಮಾರನೇ ದಿನವೇ ವಾಪಸ್. ಆದ್ರೆ ಹೆಸರು ಹಿಡಿದು ಕ್ಷಮೆ ಕೇಳಿದ್ದು ಯಾರನ್ನ? ಕೆಂಡಲ್ ಜೆನ್ನರ್‌ನ!

ಹುಡುಗಿ: ಹೋರಾಟದವರನ್ನ?

ಬಾಸ್: ಅವರ ಜೊತೆ ಕಾಂಟ್ರಾಕ್ಟ್ ಇರಲಿಲ್ವಲ್ಲ.

ಹುಡುಗಿ: ನಮ್ಮಲ್ಲೂ 2023ರ ಪರಿಸರ ದಿನಕ್ಕೆ ಜೊಮ್ಯಾಟೊ ಜಾಹೀರಾತು, ‘ಲಗಾನ್’ ಸಿನಿಮಾದ ದಲಿತ ಪಾತ್ರ ಕಚ್ರಾನನ್ನ, ಹೆಸರಿನ ಅರ್ಥ ಕಸ ಅಂತ, ಮರುಬಳಕೆಯ ಮೇಜು, ದೀಪ ಮಾಡಿ ಕೂರಿಸಿತ್ತು...

ಬಾಸ್: ಹಾಂ, ಅದರ ಕ್ಷಮಾಪಣೆ ಪಠ್ಯಪುಸ್ತಕ! ಉದ್ದೇಶ ಒಳ್ಳೇದಿತ್ತು, ತಮಾಷೆಯಾಗಿ ಹೇಳಹೊರಟ್ವಿ, ಗೊತ್ತಿಲ್ಲದೆ ಕೆಲವು ಸಮುದಾಯಗಳಿಗೆ ನೋವಾಗಿರಬಹುದು, ವಿಡಿಯೊ ತೆಗೆದಿದ್ದೇವೆ. ಯಾವ ಸಮುದಾಯ ಅಂತ ಮಾತ್ರ ಹೇಳಲಿಲ್ಲ ನೋಡು.

ಹುಡುಗಿ: ಸ್ಕ್ರಿಪ್ಟನ್ನ ಮೊದಲೇ ಒಬ್ಬ ದಲಿತ ಲೇಖಕರಿಗೆ ತೋರಿಸಿದ್ರೆ?

ಬಾಸ್: ಬಜೆಟ್ ಎಲ್ಲಿದೆ?

ಹುಡುಗಿ: ಕ್ಷಮಾಪಣೆಗೆ?

ಬಾಸ್: ಅದಕ್ಕೆ ಬೇಕಾದಷ್ಟಿದೆ. ಇಬ್ಬರು ಲಾಯರು, ಒಂದು ಪಿಆರ್ ಏಜೆನ್ಸಿ, ಅಕ್ಷರ ಆರಿಸೋಕೆ ಒಬ್ಬ ಡಿಸೈನರ್. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಸಣ್ಣದಾಗಿ. ಲೋಗೊ ಮಾತ್ರ ಸ್ವಲ್ಪ ದೊಡ್ಡದಿರ್ಲಿ. ಇಡೀ ವರ್ಷದಲ್ಲಿ ಜನ ಪೂರ್ತಿ ಓದೋ ನಮ್ಮ ಜಾಹೀರಾತು ಅದೊಂದೇ ತಾನೆ!