ಮಡಿ ಬಲ್ಬು

ಕಂಪ್ಲಿಯಲ್ಲಿ ಷಡ್ಡಕನ ಮಗಳ ನಿಶ್ಚಿತಾರ್ಥ ಮುಗಿಸಿಕೊಂಡು ಹೊಸಪೇಟೆಗೆ ವಾಪಸಾಗುತ್ತಿದ್ದೆವು. ರಾತ್ರಿ ಒಂಬತ್ತೂವರೆ. ಬುಕ್ಕಸಾಗರದ ಆಚೀಚೆ ಕಾಲುವೆ ನೀರಿನ ಭತ್ತದ ಗದ್ದೆ. ಕಾರಿನ ದೀಪ ಕಂಡರೆ ಸಾಕು, ಗದ್ದೆಯ ಹುಳುಗಳೆಲ್ಲ ಊಟಕ್ಕೆ ಕರೆದ ಹಾಗೆ ಬಂದು ಗಾಜಿಗೆ ಪಟಪಟ ಬಡಿಯುತ್ತಿದ್ದವು. ಕಮಲಾಪುರ ಇನ್ನೇನು ಬಂತು ಅನ್ನುವಾಗ ಎದುರಿಗೆ ಬಂದ ಬೈಕಿನವನೊಬ್ಬ ತಟ್ಟನೆ ಎಡಕ್ಕೆ ಎಳೆದುಕೊಂಡು, ದಾಟುವಾಗ ಕೂಗಿದ: “ಸಾರ್, ಒಂದ್ ಕಣ್ಣು ಹೋಗೈತ್ರೀ!”

ಹಿಂದಿನ ವಾರವಷ್ಟೇ ಕಣ್ಣಿನ ಡಾಕ್ಟರು ನನ್ನ ಬಲಗಣ್ಣಿಗೆ ಪೊರೆ ಶುರುವಾಗಿದೆ ಅಂದಿದ್ದರು. ಈ ಸುದ್ದಿ ಕಮಲಾಪುರದ ತನಕ ಹೇಗೆ ಬಂತು ಅಂತ ಹೆಂಡತಿಯ ಮುಖ ನೋಡಿದೆ. ನಿಶ್ಚಿತಾರ್ಥದಲ್ಲಿ ಆಕೆ ಯಾರ್ಯಾರ ಜೊತೆ ಕೂತು ಮಾತಾಡಿದ್ದಳೋ! “ನಿಮ್ ಕಣ್ಣಲ್ರೀ, ಕಾರಿಂದು,” ಅಂದಳು.

ಇಳಿದು ನೋಡಿದರೆ ಹೌದು, ಬಲಗಡೆಯ ಹೆಡ್‌ಲೈಟು ಕಣ್ಣು ಮುಚ್ಚಿತ್ತು. ಎಡಗಡೆಯದು ಹೋಗಿದ್ದರೆ ಅಷ್ಟು ಭಯವಿರಲಿಲ್ಲ. ಬಲಗಡೆಯದು ಹೋದರೆ ಎದುರಿನವನಿಗೆ ನಮ್ಮ ಕಾರು ರಸ್ತೆಯಂಚಿಗೆ ಸಭ್ಯವಾಗಿ ಬರುತ್ತಿರುವ ಬೈಕಿನಂತೆ ಕಾಣುತ್ತದೆ. ಅವನು ನೆಮ್ಮದಿಯಾಗಿ ಬರುವುದು ನೇರ ನಮ್ಮ ಸ್ಟಿಯರಿಂಗಿಗೇ. ಇಂಡಿಕೇಟರು ಪ್ರಾಮಾಣಿಕ, ಒಂದು ಬಲ್ಬು ಹೋದರೆ ಉಳಿದದ್ದು ಟಿಕ್‌ಟಿಕ್‌ಟಿಕ್ ಎಂದು ಎದೆ ಬಡಿದುಕೊಂಡು ಸಾವಿನ ಸುದ್ದಿ ಮುಟ್ಟಿಸುತ್ತದೆ. ಹೆಡ್‌ಲೈಟು ಹಾಗಲ್ಲ, ಯಾರಿಗೂ ಹೇಳದೆ ಹೋಗಿಬಿಡುತ್ತದೆ. ನಮ್ಮದು ಹೋಗಿ ಎಷ್ಟು ದಿನವಾಗಿತ್ತೋ, ಆ ಪುಣ್ಯಾತ್ಮ ಕೂಗದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ.

ಮೆಕ್ಯಾನಿಕ್ ಹತ್ತಿರ ಒಯ್ದರೆ 50 ರೂಪಾಯಿಯಲ್ಲಿ ಮುಗಿಯುವ ಕೆಲಸ. ಆದರೆ ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿಬಿಟ್ಟಳು. ಯಾವುದೋ ದೇಶದ ದೊರೆ, ಅಂಗಿಯ ತೋಳನ್ನೂ ಮಡಚದೆ, ಎರಡೇ ನಿಮಿಷದಲ್ಲಿ ಬಲ್ಬು ತೆಗೆದು ಬಲ್ಬು ಹಾಕಿ ನಕ್ಕ. ಅವನ ಬಾನೆಟ್ಟಿನೊಳಗೆ ಹಂಪಿಯ ಮಹಾನವಮಿ ದಿಬ್ಬದ ಮುಂದಿನಷ್ಟು ಬಯಲಿತ್ತು ಎಂಬುದನ್ನು ನಾನು ಆಗ ಗಮನಿಸಲಿಲ್ಲ.

ಆಟೊಮೊಬೈಲ್ಸ್ ಅಂಗಡಿಯ ಹುಡುಗ ಕೇಳಿದ ಮೊದಲ ಪ್ರಶ್ನೆಗೇ ನಾನು ಫೇಲು. “ಯಾವ ಬಲ್ಬ್ರೀ?” “ಸುಟ್ಟಿರೋದು.” ಅವನು ಕನಿಕರದಿಂದ ಕಾರಿನ ಹೆಸರು ಕೇಳಿ, ಎಚ್4 ಎಂದು ಬರೆದ ಡಬ್ಬಿ ಇಟ್ಟ. 12 ವೋಲ್ಟು, 60/55 ವ್ಯಾಟು. ಒಂದೇ ಬುರುಡೆಯಲ್ಲಿ ಎರಡು ತಂತಿ, ಒಂದು ಡಿಮ್ಮಿಗೆ, ಒಂದು ಬ್ರೈಟಿಗೆ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಒಲೆಯಿದ್ದಂತೆ. “ಜೋಡಿ ಹಾಕ್ರೀ ಸಾರ್, ಎರಡಕ್ಕೂ ಒಂದೇ ವಯಸ್ಸು. ಒಂದ್ ಹೋದ್ರ ಹಿಂದಿಂದ ಇನ್ನೊಂದೂ ಹೋಗ್ತೈತಿ,” ಅಂದ. ವ್ಯಾಪಾರದ ಮಾತು ಅಂದುಕೊಂಡು ಒಂದನ್ನೇ ಕೊಂಡೆ. ಹೊರಡುವಾಗ ಇನ್ನೊಂದು ಮಾತು ಹೇಳಿದ: “ಗಾಜು ಮುಟ್ಟಬ್ಯಾಡ್ರೀ. ಬುಡ ಹಿಡೀರಿ. ಮುಟ್ಟಿದ್ರ ಕೆಡ್ತೈತಿ.”

ಮುಟ್ಟಿದರೆ ಕೆಡುವ ವಸ್ತು ನಮಗೆ ಹೊಸದೇ? ನಮ್ಮಜ್ಜಿ ನಾರುಮಡಿ ಉಟ್ಟು ಅಡುಗೆಮನೆಯಿಂದ ದೇವರಮನೆಗೆ ಹೋಗುವಾಗ ನಾವೆಲ್ಲ ಗೋಡೆಗೆ ಅಂಟಿ ನಿಲ್ಲುತ್ತಿದ್ದೆವು. ಹ್ಯಾಲೊಜೆನ್ ಬಲ್ಬೂ ಅಜ್ಜಿಯ ಜಾತಿಯೇ. ಆದರೆ ಇದರ ಮಡಿಗೆ ಕಾರಣವಿದೆ. ಒಳಗೆ ತಂತಿಯಿಂದ ಆವಿಯಾಗಿ ಹಾರುವ ಟಂಗ್‌ಸ್ಟನ್, ಗಾಜಿಗೆ ಅಂಟಿ ಕಪ್ಪಾಗದೆ, ಹ್ಯಾಲೊಜೆನ್ ಅನಿಲದ ಕೈ ಹಿಡಿದು ಮತ್ತೆ ತಂತಿಗೇ ವಾಪಸಾಗಬೇಕು, ನಮ್ಮೂರ ಹುಡುಗರು ಬೆಂಗಳೂರಿಗೆ ಹೋಗಿ ಉಗಾದಿಗೆ ತಿರುಗಿ ಬರುವಂತೆ. ಅದಕ್ಕೆ ಗಾಜು ಕೆಂಡದಂತೆ ಕಾಯಬೇಕು. ನಮ್ಮ ಬೆರಳಿನ ಜಿಡ್ಡು ಕೂತ ಜಾಗ ಮಾತ್ರ ಉಳಿದದ್ದಕ್ಕಿಂತ ಹೆಚ್ಚು ಕಾದು, ಅಲ್ಲೇ ಗಾಜು ದುರ್ಬಲವಾಗಿ ಬಲ್ಬು ಅಲ್ಪಾಯುವಾಗುತ್ತದೆ. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದ ಕೈಯಾದರಂತೂ ಮುಗಿಯಿತು. ಮತ್ತೆ ಭಾನುವಾರ ಬೆಳಿಗ್ಗೆ ಹೊಸಪೇಟೆಯಲ್ಲಿ ಬೇರೆ ಥರದ ಕೈ ಎಲ್ಲಿ ಸಿಗುತ್ತದೆ?

ಬಾನೆಟ್ ಎತ್ತಿದೆ. ನಾನು ಕೆಲಸಕ್ಕೆ ದಿನಾ ಸಂಡೂರಿಗೆ ಹೋಗಿ ಬರುವವನು. ಅದಿರು ಲಾರಿಗಳ ಹಿಂದೆ ಓಡಾಡಿದ ಕಾರಿನ ಒಳಗು ಹೇಗಿರುತ್ತದೆಂದು ಸಂಡೂರಿನವರಿಗೆ ಹೇಳಬೇಕಿಲ್ಲ. ತಂತಿ, ಪೈಪು, ಬ್ಯಾಟರಿ ಎಲ್ಲದರ ಮೇಲೂ ಕೆಂಪು ಧೂಳಿನ ಹೊದಿಕೆ. ಹೆಡ್‌ಲೈಟಿನ ಹಿಂದೆ ಕೈ ತೂರಿಸುವ ಸಂದಿ ಮೂರು ಬೆರಳಗಲ. ನನ್ನ ಕೈ ಐದು ಬೆರಳಿನದು. ಕಪ್ಲರ್ ಎಳೆದೆ, ಬರಲಿಲ್ಲ. ಆ ಕಡೆ ಈ ಕಡೆ ಅಲ್ಲಾಡಿಸುತ್ತ ಎಳೆದೆ, ಬಂತು. ಜೊತೆಗೆ ಮೊಣಕೈಯ ಚರ್ಮವೂ ಬಂತು. ರಬ್ಬರ್ ಟೊಪ್ಪಿಗೆ ಕಿತ್ತೆ. ಅದರ ಒಳಗೆ ಬಲ್ಬನ್ನು ಹಿಡಿದಿರುವ ಒಂದು ತಂತಿ ಕ್ಲಿಪ್ಪು. ಅದನ್ನು ಒತ್ತಬೇಕೋ ಎತ್ತಬೇಕೋ ಸರಿಸಬೇಕೋ ಕಣ್ಣಿಗೆ ಕಾಣದು, ಬೆರಳೇ ಕಂಡುಕೊಳ್ಳಬೇಕು.

ಎಡಗೈಯಲ್ಲಿ ಹೆಂಡತಿಯ ಕೈಗನ್ನಡಿ, ಬಾಯಲ್ಲಿ ಟಾರ್ಚು, ಬಲಗೈ ಸಂದಿಯಲ್ಲಿ. ಕ್ಲಿಪ್ಪು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಿತ್ತು. ಆಗ ಬೇಡರ ಕಣ್ಣಪ್ಪ ನೆನಪಾದ. ಶಿವನಿಗೆ ತನ್ನ ಎರಡನೇ ಕಣ್ಣನ್ನೂ ಕೊಡುವಾಗ, ಕಣ್ಣಿಲ್ಲದ ಮೇಲೆ ಜಾಗ ತಿಳಿಯಲಿ ಎಂದು ಲಿಂಗದ ಮೇಲೆ ಗುರುತಿಗೆ ಕಾಲಿಟ್ಟನಂತೆ. ಅದನ್ನು ಭಕ್ತಿಯ ಪರಾಕಾಷ್ಠೆ ಎನ್ನುತ್ತಾರೆ. ಬಲ್ಬು ಬದಲಿಸಿದವರಿಗೆ ಗೊತ್ತು, ಅದು ಕೈ ಸಾಲದವನ ಕಷ್ಟ.

ಕ್ಲಿಪ್ಪು ಟಣ್ಣೆಂದು ಬಿಚ್ಚಿತು. ಹಳೇ ಬಲ್ಬು ಬೆರಳಿಂದ ಜಾರಿ, ಟಿಣ್ ಟಿಣ್ ಎಂದು ಮೆಟ್ಟಿಲಿಳಿದಂತೆ ಇಳಿದು ಬಂಪರಿನ ಹೊಟ್ಟೆ ಸೇರಿತು. ಈಗಲೂ ಅಲ್ಲೇ ಇದೆ. ಹೊಸದನ್ನು ಬುಡ ಹಿಡಿದೇ ತೆಗೆದೆ, ಮಡಿಯಲ್ಲೇ ಒಯ್ದೆ. ಸಂದಿಯ ಬಾಯಲ್ಲಿ ಅದೂ ಜಾರಿತು. ಬೀಳುವ ವಸ್ತುವನ್ನು ಹಿಡಿಯುವಾಗ ಬುಡ ಯಾವುದು ತುದಿ ಯಾವುದು ಎಂದು ಯಾರು ನೋಡುತ್ತಾರೆ? ಗಪ್ಪನೆ ಹಿಡಿದೆ. ಐದೂ ಬೆರಳು ಗಾಜಿನ ಮೇಲೆ, ಸಂಡೂರಿನ ಮಣ್ಣಿನ ಸಮೇತ. ಮಗಳು ಸ್ಪಿರಿಟ್ ತಂದು ಹತ್ತಿಯಲ್ಲಿ ಒರೆಸಿ ಬಲ್ಬಿಗೆ ಪ್ರಾಯಶ್ಚಿತ್ತ ಮಾಡಿಸಿದಳು.

ಈ ಬಲ್ಬಿಗೆ ಮೂರು ಕಿವಿ. ಅಗಲ ಕಿವಿ ಮೇಲಕ್ಕೆ ಬರಬೇಕು. ಇದನ್ನು ನಾನು ಆಮೇಲೆ ತಿಳಿದೆ. ಸಂಜೆ ಕಾಂಪೌಂಡ್ ಗೋಡೆಗೆ ದೀಪ ಹಾಯಿಸಿ ನೋಡಿದರೆ ಎಡಗಡೆಯದು ಗೋಡೆಯ ಮೇಲೆ, ಬಲಗಡೆಯದು ಗೋಡೆ ದಾಟಿ ಎದುರು ಮನೆಯ ಮಾಳಿಗೆಯ ಮೇಲೆ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಸಣ್ಣ ಕಿಂಡಿಯಿಂದ ತೂರಿ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಅದನ್ನು ನೋಡಲು ಜನ ದೇಶವಿದೇಶದಿಂದ ಬರುತ್ತಾರೆ. ನನ್ನ ತಲೆಕೆಳಗಾದ ಬೆಳಕನ್ನು ನೋಡಲು ಬಂದವರು ಎದುರು ಮನೆಯವರೊಬ್ಬರೇ. ಬಾಲ್ಕನಿಯಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು, “ಏನ್ ಸಾರ್, ನಮ್ಮನಿ ಗ್ವಾಡಿಗೆ ಪಿಚ್ಚರ್ ಬಿಡ್ತೀರೇನು?” ಅಂದರು.

ಮತ್ತೆ ಬಿಡುವು ಸಿಕ್ಕಿದ್ದು ಮುಂದಿನ ಭಾನುವಾರ. ನಡುವಿನ ದಿನಗಳಲ್ಲಿ ಕತ್ತಲಾಗುವ ಮೊದಲೇ ಮನೆ ಸೇರುವ ಸಭ್ಯಗೃಹಸ್ಥನಾಗಿದ್ದೆ. ಹೆಂಡತಿ ಒಂದು ದಿನ ಹೇಳಿಯೇಬಿಟ್ಟಳು: “ಡ್ಯಾಮಿನ 19ನೇ ಗೇಟನ್ನ ಹರಿಯೋ ನೀರಾಗ ವಾರದಾಗ ಮುಚ್ಚಿದ್ರು. ನಿಮ್ದು ಯಾವಾಗ್ರೀ?”

ಹೊಸಪೇಟೆಯವನಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ, ತುಂಗಭದ್ರೆಯ 33 ಗೇಟುಗಳಲ್ಲಿ ಒಂದು ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆಗೆಟ್ಟಿತ್ತು. 60 ಅಡಿ ಅಗಲ, 20 ಅಡಿ ಎತ್ತರದ ಬಾಯಿ. ಎಪ್ಪತ್ತು ದಾಟಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು ನಿಂತು, ಧುಮ್ಮಿಕ್ಕುವ ನೀರಿಗೆ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಿಸಿದರು. ಅವರ ಹತ್ತಿರ ಕ್ರೇನಿತ್ತು, ಕೆಲಸ ಬಲ್ಲ ಜನರಿದ್ದರು, ಅಂದೆ. “ಕೈ ಹಾಕಾಕ ಜಾಗಾನೂ ಇತ್ತು,” ಅಂತಲೂ ಸೇರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೇ ಭಾನುವಾರ ಅಗಲ ಕಿವಿ ಮೇಲೆ ಕೂತಿತು, ಕ್ಲಿಪ್ಪು ಬಿತ್ತು, ಟೊಪ್ಪಿಗೆ ಮುಚ್ಚಿತು, ಎರಡೂ ಬೆಳಕು ಗೋಡೆಯ ಮೇಲೆ ಒಂದೇ ಮಟ್ಟಕ್ಕೆ ನಿಂತವು. ಒಟ್ಟು ಖರ್ಚು: ಬಲ್ಬಿಗೆ 150, ಸ್ಪಿರಿಟ್ಟಿಗೆ 40, ಮೊಣಕೈಯ ಮುಲಾಮಿಗೆ 85. ಮೆಕ್ಯಾನಿಕ್ಕಿನ 50 ಉಳಿಯಿತು. ಆ ಉಳಿತಾಯದಲ್ಲಿ ಮನೆಮಂದಿಗೆಲ್ಲ ಮಿರ್ಚಿ ತರಿಸಿದೆ.

ಅದಾಗಿ ಮೂರು ವಾರವಾಯಿತು. ನಿನ್ನೆ ರಾತ್ರಿ ಸಂಡೂರಿನಿಂದ ಬರುವಾಗ ಎಡಗಡೆಯದು ಹೋಯಿತು. ಅಂಗಡಿಯ ಹುಡುಗನ ಮುಖ ನೋಡುವ ಧೈರ್ಯ ಇನ್ನೂ ಬಂದಿಲ್ಲ, ಭಾನುವಾರಕ್ಕೆ ನಾಲ್ಕು ದಿನ ಬಾಕಿಯಿದೆ. ಅಲ್ಲಿಯತನಕ ಆ ರಸ್ತೆಯಲ್ಲಿ ಕತ್ತಲಾದ ಮೇಲೆ ಒಂಟಿ ದೀಪವೊಂದು ಎದುರಾದರೆ ಬೈಕೆಂದು ನಂಬಬೇಡಿ. ದಯವಿಟ್ಟು ಸ್ವಲ್ಪ ಎಡಕ್ಕೆ ಸರಿದು ಹೋಗಿ. ಬಂಪರಿನಲ್ಲಿ ಟಿಣ್ ಟಿಣ್ ಸದ್ದು ಕೇಳಿದರಂತೂ ಅದು ನಾನೇ.